ಕೂಸಿನ ಸಮೇತ ಬ್ರಾಂಚಿಗೆ ಹೋದ ಆಯ್ತವಾರ

ನಮ್ಮ ಮನೆಯಲ್ಲಿ ದೇವರ ಜಗಲಿ ಇದೆ, ಇಬ್ಬರ ಕೊರಳಲ್ಲೂ ಲಿಂಗ ಇದೆ. ಆದರೆ ಗಂಡ-ಹೆಂಡತಿ ಕೂಡಿ ಒಂದು ವಾರವೂ ತಪ್ಪಿಸದೆ ನಡೆಸಿಕೊಂಡು ಬಂದ ವ್ರತ ಯಾವುದು ಅಂದರೆ ಒಂದೇ: ಆಯ್ತವಾರ ಹನ್ನೊಂದು ಗಂಟೆಯ ನಾಷ್ಟಾ. ಮುಂಜಾನೆ ಬರೀ ಚಹಾದ ಮೇಲೆ ಕಟ್ಟುನಿಟ್ಟಿನ ಉಪವಾಸ. ಹನ್ನೊಂದಕ್ಕೆ ಆಳಂದದ ಹೋಟೆಲೊಂದರ ಫ್ಯಾಮಿಲಿ ರೂಮು, ಅದಕ್ಕೊಂದು ಎಣ್ಣೆ ಹತ್ತಿದ ಪರದೆ. ಪರದೆಯ ಒಳಗೆ ನಾವಿಬ್ಬರು, ನೆನೆಸಿದ ಚುರುಮುರಿಗೆ ಒಗ್ಗರಣೆ ಕೊಟ್ಟ ಸುಸಲಾ ಎರಡು ಪ್ಲೇಟು, ಬಾಣಲೆಯಿಂದ ಆಗಷ್ಟೇ ಇಳಿದ ಮಿರ್ಚಿ ನಾಲ್ಕು. ಕಡಲೆಹಿಟ್ಟಿನ ಅಂಗಿ ತೊಟ್ಟ ಆ ಇಡೀ ಮೆಣಸಿನಕಾಯಿಯನ್ನು ನನ್ನ ಹೆಂಡತಿ ತುದಿಯಿಂದ ತೊಟ್ಟಿನವರೆಗೆ ಮೂರೇ ಕಚ್ಚಿಗೆ ಮುಗಿಸುತ್ತಿದ್ದಳು. ನಾಲಿಗೆ ಸುಡುವಂತಿದ್ದರೆ ಮಾತ್ರ ಅದು ಮಿರ್ಚಿ, ಆರಿದ್ದು ಬರೀ ಕಾಯಿಪಲ್ಲೆ ಎಂಬುದು ಆಕೆಯ ಸಿದ್ಧಾಂತ. ಮಧ್ಯಾಹ್ನದ ಊಟದ ಗೊಡವೆ ಇರಲಿಲ್ಲ. ಇಂಥ ನಾಷ್ಟಾಕ್ಕೆ ದೊಡ್ಡ ಊರಿನವರು ಬ್ರಂಚ್ ಎಂದು ಹೆಸರಿಟ್ಟು ದರ ಹೆಚ್ಚಿಸಿದ್ದಾರೆ ಎಂಬುದು ನಮಗೆ ಬಹಳ ತಡವಾಗಿ ತಿಳಿಯಿತು.

ಆಮೇಲೆ ಕೂಸು ಹುಟ್ಟಿತು. ಹೆಣ್ಣುಕೂಸು.

ಬಾಣಂತನಕ್ಕೆ ಹೆಂಡತಿ ಜೇವರ್ಗಿಯ ತವರಿಗೆ ಹೋದಳು. ಅಲ್ಲಿ ಐದು ತಿಂಗಳು ನಮ್ಮ ಅತ್ತೆಯ ರಾಜ್ಯಭಾರ. ಅತ್ತೆ ಅಂದರೆ ಹೆಂಡತಿಯ ತಾಯಿ; ಕುಳ್ಳಗಿನ ಹೆಂಗಸು, ದೊಡ್ಡ ಕುಂಕುಮ, ಮೇಲ್ಮನವಿಗೆ ಅವಕಾಶವಿಲ್ಲದ ತೀರ್ಪು. ತಾಯಿ ಖಾರ ತಿಂದರೆ ಹಾಲು ಖಾರ ಆಗುತ್ತದೆ, ಹಾಲು ಖಾರ ಆದರೆ ಕೂಸಿನ ಹೊಟ್ಟೆ ಕಡಿಯುತ್ತದೆ ಎಂಬ ತತ್ವದ ಮೇಲೆ ಆ ಮನೆಯಿಂದ ಮೆಣಸಿನಕಾಯಿಯನ್ನು ಗಡೀಪಾರು ಮಾಡಲಾಯಿತು. ಸಬ್ಬಸಿಗೆ ಪಲ್ಲೆ, ಬೆಳ್ಳುಳ್ಳಿ, ಅಳವಿ ಬೀಜದ ಪಾಯಸ, ಮೆತ್ತನ್ನ ಅನ್ನ, ಮರುದಿನ ಮತ್ತೆ ಸಬ್ಬಸಿಗೆ. ಹೆಂಡತಿಯ ಕಿವಿಗೆ ಸದಾ ಸ್ಕಾರ್ಫು. ನಾನು ಶನಿವಾರ ಶನಿವಾರ ಹೋದಾಗ ಆಕೆ ಕೂಸನ್ನು ತೋರಿಸುವ ಮೊದಲು ನನ್ನ ಅಂಗಿ ಮೂಸಿ ನೋಡುತ್ತಿದ್ದಳು.

"ಮಿರ್ಚಿ ತಿಂದು ಬಂದೀರಿ."

"ಇಲ್ಲ."

"ಎರಡು ತಿಂದೀರಿ."

ಮೂರು ತಿಂದಿದ್ದೆ.

ಐದನೇ ತಿಂಗಳಲ್ಲಿ ಒಂದು ದಿನ ಆಕೆ, ಕೂಸಿನ ತಲೆಗೆ ಕುಂಚಿಗೆ ಕಟ್ಟುತ್ತಾ, ದನಿ ಏರಿಸದೆ ಹೇಳಿದಳು: "ನೋಡ್ರಿ, ನನಗ ಬಂಗಾರ ಬ್ಯಾಡ, ಸೀರಿ ಬ್ಯಾಡ. ಒಂದೇ ಒಂದು ಮಿರ್ಚಿ, ಬಿಸಿ ಇದ್ದಾಗ, ಕುರ್ಚಿ ಮ್ಯಾಲ ಕುಂತು, ಎರಡೂ ಕೈ ಖಾಲಿ ಇಟ್ಕೊಂಡು ತಿನ್ನಬೇಕು. ಇಲ್ಲಾಂದ್ರ ನನಗ ತಲಿ ಕೆಡ್ತದ."

ನಗುತ್ತಾ ಹೇಳಿದ್ದರೆ ನಾನೂ ನಗಬಹುದಿತ್ತು. ಆಕೆ ನಗಲಿಲ್ಲ. ಐದು ತಿಂಗಳಲ್ಲಿ ಆಕೆ ಕೇಳಿದ ಮೊದಲ ಸಾಮಾನು ಅದು. ಕೂಸಿಗೆ ಬೇಕಾದದ್ದನ್ನೇ ಅಷ್ಟು ದಿನ ಎಲ್ಲರೂ ಕೇಳುತ್ತಿದ್ದೆವು. ನಾನು ಗಂಭೀರವಾಗಿ ವಚನ ಕೊಟ್ಟೆ. ಕೊಟ್ಟ ವಚನ ನಡೆಸಲು ಮೂರು ಊರು ಬೇಕಾದವು.

ಮೊದಲ ಪ್ರಯತ್ನ ಜೇವರ್ಗಿಯಲ್ಲಿಯೇ. ಕೂಸಿಗೆ ಸೂಜಿ ಹಾಕಿಸುವ ನೆಪದಲ್ಲಿ ಹೊರಬಿದ್ದೆವು. ನೆಪ ಅನ್ನುವುದು ತಪ್ಪು, ಸೂಜಿ ನಿಜವಾಗಿಯೂ ಹಾಕಿಸಿದೆವು. ಅದೇ ಆದ ಎಡವಟ್ಟು. ಹೋಟೆಲಿನಲ್ಲಿ ಮಿರ್ಚಿಯ ಪ್ಲೇಟು ಬಂದು ಕೂಡಬೇಕು, ಕೂಸಿಗೆ ತೊಡೆಯ ನೋವು ನೆನಪಾಗಬೇಕು. ಹಾಗೆ ಚೀರಿತು. ಚೀರಿದ್ದೇ ತಡ, ಇಡೀ ಹೋಟೆಲು ವೈದ್ಯಕೀಯ ಸಮಿತಿಯಾಗಿ ಮಾರ್ಪಟ್ಟಿತು. "ಹೊಟ್ಟಿ ಉಬ್ಬ್ಯಾದ ನೋಡ್ರಿ." "ಸೆಕಿ ಆಗ್ಯಾದ, ಕುಂಚಿಗಿ ಬಿಚ್ಚ್ರಿ." "ಥಂಡಿ ಹತ್ತ್ಯಾದ, ಬಿಚ್ಚಬ್ಯಾಡ್ರಿ." ಯಡ್ರಾಮಿಯಿಂದ ಸಂತೆಗೆ ಬಂದಿದ್ದ ಒಬ್ಬ ಹಿರಿಯರು ಯಾರನ್ನೂ ಕೇಳದೆ ಎದ್ದು, ಟೇಬಲ್ ಮೇಲಿನ ಉಪ್ಪು ಮುಷ್ಟಿ ತುಂಬ ತೆಗೆದುಕೊಂಡು ಕೂಸಿಗೆ ದೃಷ್ಟಿ ತೆಗೆದರು. ನಿವಾಳಿಸಿದ ಉಪ್ಪನ್ನು ಎಲ್ಲಿ ಹಾಕಬೇಕು ಎಂದು ತಿಳಿಯದೆ ನಮ್ಮ ನೀರಿನ ಗ್ಲಾಸಿನಲ್ಲಿ ಹಾಕಿದರು. ಕೂಸು ಸುಮ್ಮನಾಗುವ ಹೊತ್ತಿಗೆ ಮಿರ್ಚಿ ಆರಿತ್ತು. ಹೆಂಡತಿ ಅದನ್ನು ಬೆರಳಿನಿಂದ ಮುಟ್ಟಿ ನೋಡಿ ಪ್ಲೇಟನ್ನು ನನ್ನ ಕಡೆ ಸರಿಸಿದಳು. ಹೆಣಕ್ಕೆ ಮುಸುಕು ಹಾಕುವವರು ಹಾಗೆ ಮಾಡುತ್ತಾರೆ.

ಎರಡನೆಯದು ಅಫಜಲಪುರದಲ್ಲಿ. ಅಷ್ಟರಲ್ಲಿ ತಾಯಿ-ಕೂಸು ಆಳಂದಕ್ಕೆ ಬಂದಿದ್ದರು. ಆಳಂದದಲ್ಲೇ ತಿಂದರೆ ಸುದ್ದಿ ಅದೇ ದಿನ ಅತ್ತೆಗೆ ಮುಟ್ಟುತ್ತದೆ ಎಂದು ಹೆದರಿ, ಕೂಸಿಗೆ ಸೊನ್ನದ ಬ್ಯಾರೇಜು ತೋರಿಸುವ ನೆಪದಲ್ಲಿ ಹೊರಟೆವು. ಆರು ತಿಂಗಳ ಕೂಸಿಗೆ ನೀರಾವರಿಯ ಬಗ್ಗೆ ಅಂಥ ಆಸಕ್ತಿ ಏನೂ ಇರಲಿಲ್ಲ. ಭೀಮೆ ತುಂಬಿ ಹರಿಯುತ್ತಿದ್ದಾಗ ಅದು ನಿದ್ದೆ ಮಾಡಿತು. ಅಫಜಲಪುರದ ಹೋಟೆಲಿನೊಳಗೆ ಕಾಲಿಟ್ಟ ಕೂಡಲೇ ಎಚ್ಚರಾಗಿ ನಕ್ಕಿತು.

ನಮ್ಮ ಕಡೆ ಕೂಸು ನಕ್ಕರೆ ಅದು ತಂದೆ-ತಾಯಿಯ ಸ್ವತ್ತಾಗಿ ಉಳಿಯುವುದಿಲ್ಲ. ಗಲ್ಲೆಯ ಮೇಲೆ ಕುಳಿತಿದ್ದ ಮಾಲೀಕ "ಕೊಡ್ರಿ ಇಲ್ಲಿ, ನೀವು ಆರಾಮ ನಾಷ್ಟಾ ಮಾಡ್ರಿ" ಎಂದು ಎರಡೂ ಕೈ ಚಾಚಿದ. ಹೆಂಡತಿಗೆ ಆ ಕ್ಷಣ ಆತನ ಹಿಂದೆ ಪ್ರಭಾವಳಿ ಕಂಡಿರಬೇಕು. ಕೂಸನ್ನು ಕೊಟ್ಟಳು. ಮಿರ್ಚಿ ಬಂತು, ಹೊಗೆಯಾಡುತ್ತಿತ್ತು. ಎತ್ತಿ ಬಾಯಿಯ ಹತ್ತಿರ ಒಯ್ದವಳು, ಬರೀ ಅಭ್ಯಾಸಬಲದಿಂದ ಗಲ್ಲೆಯ ಕಡೆ ನೋಡಿದಳು. ಗಲ್ಲೆಯ ಮೇಲೆ ಮಾಲೀಕ ಇದ್ದ. ಕೂಸು ಇರಲಿಲ್ಲ.

"ಕೂಸೆಲ್ಲ್ರೀ?"

"ಇಲ್ಲೇ ಅದಲ್ರಿ, ಆ ಅಣ್ಣಾರ ಕೈಯಾಗ."

ಆ ಅಣ್ಣ ಹಿಂದಿನ ಟೇಬಲ್ಲಿನವರಿಗೆ ಕೊಟ್ಟಿದ್ದ, ಹಿಂದಿನ ಟೇಬಲ್ಲಿನವರು ಕೈ ತೊಳೆಯಲು ಎದ್ದಾಗ ಅದರಾಚೆಯವರಿಗೆ ದಾಟಿಸಿದ್ದರು. ಬಾಲ್ಯದಲ್ಲಿ ನಾವು ಶಾಲೆಯ ಪ್ರಸಾದದ ತಟ್ಟೆಯನ್ನು ಹಾಗೆ ದಾಟಿಸುತ್ತಿದ್ದೆವು. ಕೂಸು ಕೊನೆಗೆ ಸಿಕ್ಕದ್ದು ಅಡುಗೆಮನೆಯ ಹಿಂದೆ, ಉಳ್ಳಾಗಡ್ಡಿ ಸುಲಿಯುತ್ತಿದ್ದ ಒಬ್ಬ ಅಮ್ಮನ ತೊಡೆಯ ಮೇಲೆ. ಆಕೆ ಅದಕ್ಕೆ ತಮ್ಮ ಸೊಸೆಯ ದೂರು ಹೇಳುತ್ತಿದ್ದರು. ಕೂಸು ತದೇಕಚಿತ್ತದಿಂದ ಕೇಳುತ್ತಿತ್ತು. ಹೆಂಡತಿ ಅದನ್ನು ಎದೆಗವಚಿಕೊಂಡು ಅಳುವುದೋ ನಗುವುದೋ ತಿಳಿಯದೆ ನಿಂತಳು. ಮಿರ್ಚಿಯ ಗತಿ ಏನಾಗಿತ್ತು ಎಂದು ಬೇರೆ ಹೇಳಬೇಕಾಗಿಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ಆಕೆ ಕೂಸಿನ ಕುಂಚಿಗೆ ಸರಿಪಡಿಸಿದಳು. ನಂತರ ಹೇಳಿದಳು: "ಬ್ಯಾಡ ಬಿಡ್ರಿ. ಈಕಿ ದೊಡ್ಡಾಕಿ ಆದ ಮ್ಯಾಲ ತಿಂದರಾತು." ಆಗ್ರಹಕ್ಕಿಂತ ಈ ಸಮಾಧಾನ ನನ್ನನ್ನು ಹೆದರಿಸಿತು. ನನ್ನ ಹೆಂಡತಿ ಯಾವುದನ್ನೂ ಬಿಟ್ಟರಾಯಿತು ಅನ್ನುವ ಪೈಕಿ ಅಲ್ಲ.

ಮೂರನೆಯ ಪ್ರಯತ್ನಕ್ಕೆ ಆಧುನಿಕತೆಯ ಮೊರೆ ಹೋದೆ. ಕಡಗಂಚಿಯಲ್ಲಿ ವಿಶ್ವವಿದ್ಯಾಲಯದ ಹುಡುಗ-ಹುಡುಗಿಯರಿಗಾಗಿ ಒಂದು ಕೆಫೆ ತೆರೆದಿತ್ತು. ಹೊರಗೆ ಬೋರ್ಡು: 'ಸಂಡೇ ಬ್ರಂಚ್'. ಒಳಗೆ ಕೂಸಿಗಂತಲೇ ಎತ್ತರದ ಕುರ್ಚಿ ಇದೆಯೆಂದು ನನ್ನ ಸಹೋದ್ಯೋಗಿಯೊಬ್ಬರು ಕಣ್ಣಾರೆ ಕಂಡು ಬಂದಿದ್ದರು. ಕೂಸು ಕುರ್ಚಿಯಲ್ಲಿ, ಹೆಂಡತಿಯ ಎರಡೂ ಕೈ ಖಾಲಿ. ನನ್ನ ಲೆಕ್ಕಾಚಾರದಲ್ಲಿ ದೋಷ ಕಾಣಲಿಲ್ಲ.

ದೋಷ ಇದ್ದದ್ದು ವ್ಯಾಕರಣದಲ್ಲಿ. ಹೆಂಡತಿ ಮತ್ತೆ ಆಫೀಸಿಗೆ ಹೋಗುವ ದಿನ ಹತ್ತಿರ ಬಂದಿತ್ತಾದ್ದರಿಂದ ಕೂಸನ್ನು ನೋಡಿಕೊಳ್ಳಲು ಅತ್ತೆ ನಮ್ಮ ಮನೆಗೇ ಬಂದಿಳಿದಿದ್ದರು. ಆಯ್ತವಾರ ನಾವು ಚಪ್ಪಲಿ ಮೆಟ್ಟುವಾಗ ಕೇಳಿದರು: "ಎಲ್ಲಿಗಿ ಹೊಂಟೀರಿ ಮಾಸ್ತರ್ರೇ?"

ನಾನು ಸುಳ್ಳು ಹೇಳುವುದಿಲ್ಲ. "ಬ್ರಂಚಿಗೆ ಹೋಗಿ ಬರ್ತೇವ್ರಿ ಅತ್ತಿ."

"ಬ್ರಾಂಚಿಗೇನ?" ಅತ್ತೆಯ ಮುಖ ಅರಳಿತು. "ಕೂಸಿನ ಆಧಾರ್ ಮಾಡಸಾಕ ಹೊಂಟೀರಿ! ಛಲೋ ಆತು ಬಿಡ್ರಿ, ನಾ ಎಷ್ಟು ದಿನದಿಂದ ಬಡ್ಕೊಳ್ಳಾಕತ್ತೇನಿ."

ನಮ್ಮಲ್ಲಿ ಆಧಾರ್ ಕಾರ್ಡು ಮಾಡಿಸಿಕೊಳ್ಳುವುದು ಬ್ಯಾಂಕಿನ ಬ್ರಾಂಚಿನಲ್ಲಿ. ನಾನು ಹದಿನೈದು ವರ್ಷದಿಂದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೇನೆ. ಹ್ರಸ್ವ ಇರುವಲ್ಲಿ ದೀರ್ಘ ಬರೆದ ಎಷ್ಟೋ ಮಕ್ಕಳ ಪೇಪರಿನಲ್ಲಿ ದಯೆಯಿಲ್ಲದೆ ಕೆಂಪು ಗೆರೆ ಎಳೆದವನು. ಆ ದಿನ ನನ್ನ ಕಣ್ಣೆದುರೇ ಒಂದು ಹ್ರಸ್ವ ದೀರ್ಘವಾಯಿತು, ನಾನು ಬಾಯಿ ಮುಚ್ಚಿಕೊಂಡು ನಿಂತೆ.

"ಆಯ್ತವಾರ ತೆರದಿರ್ತದೇನ?" ಅತ್ತೆಗೆ ಸಂಶಯ ಬಂತು.

"ಇದು ಆಯ್ತವಾರ ಅಷ್ಟೇ ಇರ್ತದಬೇ ಯವ್ವಾ," ಎಂದಳು ಹೆಂಡತಿ. ಆಕೆಯೂ ಸುಳ್ಳು ಹೇಳಲಿಲ್ಲ.

"ಹಂಗಾರ ನಾನೂ ಬರ್ತೇನಿ. ರೇಷನ್ ಅಂಗಡಿ ಮಷೀನಿನ್ಯಾಗ ನನ್ನ ಹೆಬ್ಬೆಟ್ಟು ಹತ್ತವಲ್ದು. ತಿದ್ದಿಸ್ಕೊಂಡೇ ಬರೂಣು."

ಹೀಗೆ ನಾವು ನಾಲ್ವರು, ಕೂಸಿನ ಜನನ ಪತ್ರ, ಎಲ್ಲರ ಆಧಾರ್ ಝೆರಾಕ್ಸು, ಎರಡು ಫೋಟೋ ಇದ್ದ ಪ್ಲಾಸ್ಟಿಕ್ ಚೀಲದ ಸಮೇತ, ಬ್ರಂಚಿಗೆ ಹೊರಟೆವು. ದಾರಿಯುದ್ದಕ್ಕೂ ನಾನು ನಿಜ ಹೇಳಲು ತಕ್ಕ ಜಾಗ ಹುಡುಕಿದೆ. ರಸ್ತೆ ಚೆನ್ನಾಗಿಯೇ ಇತ್ತು, ಜಾಗ ಸಿಗಲಿಲ್ಲ.

ಕೆಫೆಯಲ್ಲಿ ಎ.ಸಿ. ಇತ್ತು, ಗಾಜಿನ ಬಾಗಿಲು ಇತ್ತು, ಗದ್ದಲ ಇರಲಿಲ್ಲ. ಬಾಗಿಲಲ್ಲೇ ಟೋಕನ್ ಕೊಟ್ಟರು, ಏಳನೆಯ ನಂಬರು. ಅತ್ತೆಗೆ ಉಳಿದಿದ್ದ ಸಂಶಯವೂ ಹೋಯಿತು. "ರಶ್ ಇಲ್ಲ, ಛಲೋ ಬ್ರಾಂಚ್ ಅದ," ಎಂದು ಸೆರಗು ಹೊದ್ದು ಕುಳಿತರು. ಎತ್ತರದ ಕುರ್ಚಿ ಬಂತು. ಅದರಲ್ಲಿ ಕೂಸನ್ನು ಪಟ್ಟಾಭಿಷೇಕದ ಗಾಂಭೀರ್ಯದಿಂದ ಕೂರಿಸಿದೆವು. ಕೂಸು ಎರಡು ನಿಮಿಷ ಪ್ರಜೆಗಳನ್ನು ಅವಲೋಕಿಸಿ, ಮೆಲ್ಲಗೆ ಕೆಳಗೆ ಜಾರಿ, ಕುತ್ತಿಗೆಯವರೆಗೆ ಮುಳುಗಿತು. ಹೆಂಡತಿ ಅದನ್ನು ಎಳೆದು ತೊಡೆಯ ಮೇಲೆ ಹಾಕಿಕೊಂಡಳು. ಎರಡೂ ಕೈ ಮತ್ತೆ ತುಂಬಿದವು. ಸುತ್ತಲಿನವರು ಸಭ್ಯರು, ಒಬ್ಬರೂ ಕೊಡ್ರಿ ಇಲ್ಲಿ ಅನ್ನಲಿಲ್ಲ.

ಮಾಲೀಕರು ತಾವೇ ಬಂದರು. ಹೊಸದಾಗಿ ದಂಧೆಗೆ ಇಳಿದವರು, ಜುಟ್ಟು ಕಟ್ಟಿದ್ದರು, ಬಹಳ ಮರ್ಯಾದೆಯವರು.

"ಹೇಳ್ರಿ ಅಮ್ಮಾ, ಏನ್ ಕೊಡ್ಲಿ?"

"ನನ್ನ ಹೆಬ್ಬೆಟ್ಟು ತಿದ್ದಿ ಕೊಡ್ರಪ್ಪಾ."

ಅವರು ಒಮ್ಮೆ ಮೆನು ಕಾರ್ಡು ತಿರುವಿ ನೋಡಿದರು. ಗಿರಾಕಿ ಕೇಳಿದ್ದಕ್ಕೆ ಒಮ್ಮೆಲೇ ಇಲ್ಲ ಅನ್ನಬಾರದು ಎಂದು ಅವರಿಗೆ ಯಾರೋ ಕಲಿಸಿದ್ದರು. "ಅದು... ಇವತ್ತು ಇಲ್ರಿ ಅಮ್ಮಾ."

"ನಾಳಿ ಬಂದ್ರ?"

"ನಾಳಿ ಬ್ರಂಚ್ ಇರಂಗಿಲ್ರಿ."

"ಹೌದು, ನನ್ನ ಮಗಳೂ ಹೇಳಿದ್ಳು," ಎಂದರು ಅತ್ತೆ. ಅಷ್ಟರಲ್ಲಿ ಪಕ್ಕದ ಟೇಬಲ್ಲಿಗೆ ಒಂದು ಪ್ಲೇಟು ಹೋಯಿತು. ಅದರಲ್ಲಿ ಬ್ರೆಡ್ಡು, ಮೇಲೆ ಮೊಟ್ಟೆ. ಅತ್ತೆಯ ಕಣ್ಣು ಪ್ಲೇಟಿನ ಹಿಂದೆ ಹೋಗಿ, ಅಲ್ಲಿಂದ ನನ್ನ ಮುಖಕ್ಕೆ ಬಂದು ನಿಂತಿತು.

"ಮಾಸ್ತರ್ರೇ, ಬ್ಯಾಂಕಿನ್ಯಾಗ ಬ್ರೆಡ್ ಯಾಕ ಹಂಚಾಕತ್ತಾರ?"

ನಾನು ಎದ್ದು ನಿಂತೆ. ಯಾಕೆ ಎದ್ದೆನೋ ಗೊತ್ತಿಲ್ಲ, ಮುಖ್ಯಾಧ್ಯಾಪಕರ ಮುಂದೆ ನಿಂತು ರೂಢಿ. ದೀರ್ಘ ಇಲ್ಲದ ಬ್ರಂಚ್ ಅಂದರೆ ಏನು, ಹನ್ನೊಂದರ ನಾಷ್ಟಾ ಅಂದರೆ ಏನು, ಜೇವರ್ಗಿಯ ಸೂಜಿ, ಅಫಜಲಪುರದ ಉಳ್ಳಾಗಡ್ಡಿ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಹೆಂಡತಿ ಕೂಸಿನ ಕುಂಚಿಗೆಯ ದಾರ ನೋಡುತ್ತಾ ಕುಳಿತಿದ್ದಳು.

ಅತ್ತೆ ಮಗಳಿಗೆ ಕೇಳಿದರು: "ಮಿರ್ಚಿ ತಿನ್ನಬೇಕಾಗಿತ್ತೇನ?"

"ಹೂಂ." ಆಮೇಲೆ ದಾರ ಬಿಟ್ಟು, "ಬಿಸೀದು."

"ಬಾಯಿ ಇರಲಿಲ್ಲೇನಬೇ ಹೇಳಾಕ? ಎಲ್ಲಾ ಇವರ ಕಡಿಂದ ಹೇಳಸ್ತಿ."

ಅತ್ತೆ ಮಾಲೀಕರ ಕಡೆ ತಿರುಗಿದರು. "ಮಿರ್ಚಿ ಅದ ಏನಪ್ಪಾ?"

"ಮಿರ್ಚಿ ಇಲ್ರಿ ಅಮ್ಮಾ. ಚೀಸ್ ಟೋಸ್ಟ್ ಅದ, ಪಾಸ್ತಾ ಅದ."

"ಹೋಗ್ಲಿ ಬಿಡು. ನಿಂದು ಬ್ರಾಂಚ್. ಹೆಡ್ ಆಫೀಸಿಗೇ ಹೋಗ್ತೇವಿ." ಅತ್ತೆ ಟೋಕನ್ನನ್ನು ಮರ್ಯಾದೆಯಿಂದ ಹಿಂದಿರುಗಿಸಿ ಎದ್ದರು.

ಹೆಡ್ ಆಫೀಸು ಸಿಕ್ಕಿದ್ದು ರಸ್ತೆಯ ಆಚೆ ಮಗ್ಗುಲಿಗೆ, ತಗಡಿನ ಶೆಡ್ಡಿನಲ್ಲಿ. ಒಂದು ಒಲೆ, ಒಂದು ಬಾಣಲೆ, ಒಂದು ಬೆಂಚು, ಎರಡು ಪ್ಲಾಸ್ಟಿಕ್ ಕುರ್ಚಿ. ಅತ್ತೆ ಒಂದು ಕುರ್ಚಿಯನ್ನು ಸೆರಗಿನಿಂದ ಒರೆಸಿ ಮಗಳನ್ನು ಕೂರಿಸಿದರು. ಕೂಸನ್ನು ಆಕೆಯ ಕೈಯಿಂದ ಕಿತ್ತುಕೊಂಡರು. ಪ್ಲಾಸ್ಟಿಕ್ ಚೀಲವನ್ನು ನನಗೆ ಹಿಡಿಸಿದರು.

"ತಿನ್ನು. ಇದರ ಹೊಟ್ಟಿ ನಾ ನೋಡ್ಕೋತೇನಿ."

"ಹಾಲು ಖಾರ ಆಗ್ತದಂತ ನೀನೇ..."

"ನಿನ್ನ ಬಾಣಂತನದಾಗ ನಾ ಹಿತ್ತಲದಾಗ ಕುಂತು ಕದ್ದು ತಿಂದೇನಿ. ಏನ್ ಸತ್ತೀಯೇನ? ಒಂಚೂರು ಬಾಯಿ ಜೋರಾತು, ಅಷ್ಟಽ."

ಮಿರ್ಚಿ ಪೇಪರಿನ ಮೇಲೆ ಬಂತು, ಎಣ್ಣೆ ಇನ್ನೂ ಚಿಟಚಿಟ ಅನ್ನುತ್ತಿತ್ತು. ಹೆಂಡತಿ ಎರಡೂ ಕೈಯನ್ನು ಒಮ್ಮೆ ತೊಡೆಯ ಮೇಲೆ ಇಟ್ಟು ನೋಡಿಕೊಂಡಳು, ಖಾಲಿ ಇದ್ದದ್ದು ಖಾತ್ರಿ ಮಾಡಿಕೊಳ್ಳುವವಳ ಹಾಗೆ. ನಂತರ ತುದಿಯಿಂದ ಸುರು ಮಾಡಿದಳು. ಒಂದು ಕಚ್ಚು. ಎರಡು. ಮೂರನೆಯದಕ್ಕೆ ತೊಟ್ಟು ಉಳಿಯಿತು. ಕಣ್ಣಲ್ಲಿ ನೀರು, ಮೂಗಿನಲ್ಲಿ ನೀರು, ಬಾಯಿ ತೆರೆದು ಹಾ ಹಾ ಅಂದಳು. ಅಜ್ಜಿಯ ತೊಡೆಯ ಮೇಲಿನ ಕೂಸು ತಾಯಿಯ ಈ ಹೊಸ ಮುಖ ನೋಡಿ ಕೇಕೆ ಹಾಕಿತು. ಏಳು ತಿಂಗಳ ನಂತರ ನನ್ನ ಹೆಂಡತಿ ನನ್ನ ಕಡೆ ನೋಡಿ, ಮೊದಲಿನ ಹಾಗೆ ಹುಬ್ಬು ಏರಿಸಿ, "ಇನ್ನೊಂದು ಪ್ಲೇಟ್ ಹೇಳ್ರಿ," ಅಂದಳು.

ನಾನು ಹೇಳಿದೆ. ನನ್ನ ಪಾಲಿನದು ಎತ್ತಿಕೊಳ್ಳುವಷ್ಟರಲ್ಲಿ ಅತ್ತೆಯ ತೊಡೆ ಒದ್ದೆಯಾಯಿತು. "ತಗೋರಿ ಮಾಸ್ತರ್ರೇ, ನಿಮ್ಮ ಮಗಳು ಅರ್ಜಿ ಹಾಕ್ಯಾಳ," ಎಂದು ಕೂಸನ್ನು ನನ್ನ ಕೈಗೆ ದಾಟಿಸಿದರು. ಶೆಡ್ಡಿನ ಹಿಂದೆ ಹೋಗಿ ಬಟ್ಟೆ ಬದಲಿಸಿ, ಕೈ ತೊಳೆದು ಬರುವಷ್ಟರಲ್ಲಿ ನನ್ನ ಪೇಪರಿನ ಮೇಲೆ ಎರಡು ತೊಟ್ಟು ಇದ್ದವು. ತಾಯಿ ಮಗಳು ಇಬ್ಬರೂ ಮೂಗು ಒರೆಸಿಕೊಳ್ಳುತ್ತಿದ್ದರು.

"ಆರಾಕತ್ತಿತ್ತು," ಎಂದರು ಅತ್ತೆ, ತೀರ್ಪು ಓದುವ ದನಿಯಲ್ಲಿ. "ಆರಿದ್ದು ಮಿರ್ಚಿ ಅಲ್ಲ."