ಮೊದಲನೇ ಕಾರ್ಡಿನ ಮಾಸ್ತರರು

ಕಾರ್ಡು ಕೈಗೆ ಬಂದೊಡನೆ ಮಲ್ಲಣ್ಣ ಮಾಸ್ತರರು ಅದರ ಚಿತ್ರ ನೋಡುತ್ತಿರಲಿಲ್ಲ. ತಿರುಗಿಸಿ ಹಿಂಬದಿ ಓದುತ್ತಿದ್ದರು. “ಮಾರಿ ಯಾರದರ ಇರಲಿ ತಮ್ಮಾ, ಖರೇ ಮಾತು ಹಿಂದ ಬರದಿರ್ತಾರ” ಎನ್ನುವರು.

ಹಳೆಯ ಬಬಲ್‌ಗಮ್ ಪಾಕೀಟುಗಳಲ್ಲಿ ಸಿಗುತ್ತಿದ್ದ ಕ್ರಿಕೆಟ್ ಆಟಗಾರರ ಕಾರ್ಡುಗಳವು. ಆಟಗಾರನ ಮೊಟ್ಟಮೊದಲ ಕಾರ್ಡೆಂದರೆ ನಮ್ಮಂಥ ಸಂಗ್ರಹದ ಹುಚ್ಚಿನವರಿಗೆ ಜೀವ. ಯಾವುದು ಮೊದಲನೆಯದು ಎಂಬ ಜಗಳ ಬಂದರೆ ಇಂಡಿ, ಮುದ್ದೇಬಿಹಾಳ, ಬಾಗೇವಾಡಿಯಿಂದ ಎಲ್ಲರೂ ಸಿಂದಗಿಯ ಈ ನಿವೃತ್ತ ಗಣಿತ ಮಾಸ್ತರರ ಮನೆಗೆ ಹೋಗುತ್ತಿದ್ದೆವು. ಕನ್ನೊಳ್ಳಿಯ ಗೆಳೆಯನೊಬ್ಬ ಪತ್ರಿಕೆಯ ಚಿತ್ರವನ್ನು ರಟ್ಟಿಗೆ ಅಂಟಿಸಿ ತಂದಾಗ, “ಇದು ಕಾರ್ಡಲ್ಲಪಾ, ಕತ್ತರಿ ಕೆಲಸ” ಎಂದು ನಗದೇ ಹಿಂದಿರುಗಿಸಿದ್ದರು. ತಮ್ಮದೇ ಅಚ್ಚುಮೆಚ್ಚಿನ ಕಾರ್ಡು ಎರಡನೇ ವರ್ಷದ್ದೆಂದು ಗೊತ್ತಾದಾಗ ಅದನ್ನೂ ಎಲ್ಲರೆದುರು ಹೇಳಿಬಿಟ್ಟರು.

ನಾನು ಒಯ್ದದ್ದು ಬಾಲ್ಯದ ಆಲ್ಬಮ್ಮಿನಿಂದ ಕಿತ್ತ ಕಾರ್ಡು. ಐದು ಜನ ಸಾಲಾಗಿ ನಿಂತಿದ್ದರು. ನಡುವಿನವನು ಮುಂದೆ ದೊಡ್ಡ ಹೆಸರು ಮಾಡಿದ ಬೌಲರ್. ಹಿಂಬದಿಗೆ ಆಲ್ಬಮ್ಮಿನ ಕಾಗದ ಗಟ್ಟಿಯಾಗಿ ಅಂಟಿಕೊಂಡಿತ್ತು.

“ಗುಂಪಿನಾಗ ನಿಂತದ್ದು ಮೊದಲನೇದು ಆಗಂಗಿಲ್ಲ. ಅವನೊಬ್ಬನದ ಇರಬೇಕು” ಎಂದರು. ಅವರ ಮಾತು ನಂಬಿ, ಅದನ್ನು ಅವರಿಗೇ ಕೊಟ್ಟು ಬದಲಿಗೆ ಬೇರೆ ಎರಡು ಕಾರ್ಡು ಪಡೆದೆ.

ಒಂದೂವರೆ ವರ್ಷದ ಮೇಲೆ ಮಾಸ್ತರರು ಇಂಡಿಯ ನನ್ನ ಔಷಧಿ ಅಂಗಡಿಗೆ ಬಂದರು. ಅದೇ ಕಾರ್ಡನ್ನು ನನ್ನ ಮುಂದಿಟ್ಟರು. “ಉಗಿ ಹಿಡಿದು ಕಾಗದ ಬಿಡಿಸೇನಿ. ಓದು.”

ಹಿಂಬದಿಯಲ್ಲಿ ಐವರ ಹೆಸರಿರಲಿಲ್ಲ. ಆ ಬೌಲರನೊಬ್ಬನದೇ ಹೆಸರು, ಊರು. ಕೆಳಗೆ ‘ಈ ವರ್ಷದ ಹೊಸ ಆಟಗಾರ’ ಎಂಬ ಸಾಲು.

“ಇದು ಅವಂದ ಕಾರ್ಡ್ ತಮ್ಮಾ, ಮೊದಲನೇದು. ನಾ ತಪ್ಪು ಹೇಳಿದ್ದೆ.”

“ಕಾಗದ ಯಾವಾಗ ಬಿಡಿಸಿದ್ರಿ?”

ತಲೆ ತಗ್ಗಿಸಿದರು. “ನೀ ಕೊಟ್ಟು ಹೋದ ವಾರದಾಗ.”

“ಮತ್ತ ಇಷ್ಟ ದಿನಾ?”

“ಕೊಡಾಕ ಮನಸಾಗಲಿಲ್ಲ.”

ಅಂಗಡಿಯಲ್ಲಿ ಗಿರಾಕಿಗಳಿದ್ದರು. “ಇನ್ನೆಷ್ಟು ಮಂದಿಗೆ ಹಿಂಗ ಮಾಡೀರಿ ಮಾಸ್ತರ?” ಎಂದುಬಿಟ್ಟೆ. ಅವರು ಕಾರ್ಡನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದರು. ಬಿಸಿಲಲ್ಲಿ ಬಂದವರಿಗೆ ನೀರು ಬೇಕೇ ಎಂದೂ ನಾನು ಕೇಳಲಿಲ್ಲ. ಅಷ್ಟಕ್ಕೇ ಬಿಡದೆ ಗೆಳೆಯರಿಗೂ ಹೇಳಿದೆ. ಒಬ್ಬೊಬ್ಬರಾಗಿ ಎಲ್ಲರೂ ಅವರ ಮನೆಗೆ ಹೋಗುವುದನ್ನು ನಿಲ್ಲಿಸಿದರು.

ಸಿಟ್ಟು ಇಳಿದ ಮೇಲೆ ಬೇರೆಯದೇ ಕಾಡತೊಡಗಿತು. ಅವರು ಸುಮ್ಮನಿದ್ದರೆ ನನಗೆಂದೂ ತಿಳಿಯುತ್ತಿರಲಿಲ್ಲ. ಬದಲಿಗೆ ಪಡೆದಿದ್ದ ಎರಡು ಕಾರ್ಡು ಹಿಂದಿರುಗಿಸುವ ನೆಪದಲ್ಲಿ ಸಿಂದಗಿಗೆ ಹೋದೆ.

“ಬರ್ರಿ, ಕೂಡ್ರಿ” ಎಂದರು. ಅಷ್ಟು ವರ್ಷ ಏಕವಚನದಲ್ಲೇ ಕರೆದವರು. ಕಾರ್ಡುಗಳನ್ನು ಮುಟ್ಟಲಿಲ್ಲ. “ಯಾವದು ಮೊದಲನೇದು, ಯಾವದು ಅಲ್ಲ ಅಂತ ಹೇಳೂದು ಬಿಟ್ಟೇನ್ರಿ.”

ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವರ ಮನೆಯವರು ಚಹಾ ತಂದರು. ಮಳೆಯ ಮಾತು, ಬಸ್ಸಿನ ಮಾತು ಆಡುತ್ತ ಚಹಾ ಕುಡಿದು ಎದ್ದೆ. ಇನ್ನೊಮ್ಮೆ ಬಂದಾಗ ಹೇಳಿದರಾಯಿತು ಅಂದುಕೊಂಡೆ.

ಇನ್ನೊಮ್ಮೆ ಹೋದದ್ದು ಅವರಿಗೆ ಮಣ್ಣು ಕೊಡಲು.