ಸುಟ್ಟಾ ತರಬ್ಯಾಡ

ಕೊರೋನಾ ಮುಗಿದ ಮರುವರ್ಷ ನಾನು ಸೋಲಾಪುರದ ವಿಜಾಪುರ ರಸ್ತೆಯ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಕರಜಗಿಯ ಕನ್ನಡ ಶಾಲೆಯಲ್ಲಿ ಒಂಬತ್ತನೆಯ ತನಕ ಓದಿದವನು. ಉಳಿದದ್ದನ್ನು ಅಂಗಡಿಯಲ್ಲೇ ಕಲಿತೆ. ಅಕ್ಕ ಸುಗಲಾ ಅಕ್ಕಲಕೋಟೆಯ ಒಂದು ಕಾಲೇಜಿನಲ್ಲಿ ಹಂಗಾಮಿಯಾಗಿ ಗಣಿತ ಕಲಿಸುತ್ತಿದ್ದಳು. ಆ ಸೋಮವಾರ ಸಮಿತಿಯವರು ಅವಳ ಪಾಠ ನೋಡಿ, ಕಾಯಂ ಮಾಡುವುದೋ ಬಿಡುವುದೋ ನಿರ್ಧರಿಸುವವರಿದ್ದರು.

ಒಂದು ಮುಕ್ತ ಗಣಿತ ತಂತ್ರಾಂಶದಲ್ಲಿ ಪಾಠ ಮಾಡಬೇಕೆಂದು ಅವಳ ಆಸೆ. ಅದನ್ನು ತಂದು ಹಾಕಿಕೊಡುವ ಕೆಲಸ ನನಗೆ ಒಪ್ಪಿಸಿದ್ದಳು. ಇಂಥ ತಂತ್ರಾಂಶ ಒಂಟಿಯಾಗಿ ನಡೆಯುವುದಿಲ್ಲ. ದೊಡ್ಡ ಸಂಖ್ಯೆ ಗುಣಿಸಲು ಒಂದು, ಮ್ಯಾಟ್ರಿಕ್ಸ್‌ಗೆ ಒಂದು, ಗ್ರಾಫ್ ಬಿಡಿಸಲು ಇನ್ನೊಂದು, ಹೀಗೆ ಬೇರೆಯವರು ಬರೆದಿಟ್ಟ ಸಿದ್ಧ ಪ್ರೋಗ್ರಾಂ ತುಣುಕುಗಳು, ಅಂದರೆ ಲೈಬ್ರರಿಗಳು ಬೇಕು. ಅವನ್ನೆಲ್ಲ ಒಟ್ಟಿಗೆ ಕಟ್ಟಿ ಕೊಟ್ಟರೆ ಬಂಡಲ್. ಅದು ಭಾರ, ಒಳಗಿನ ಲೈಬ್ರರಿ ಹಳೆಯದಾದರೂ ಹಾಗೇ ಉಳಿಯುತ್ತದೆ. ಬಿಡಿಯಾಗಿ ಕೊಟ್ಟದ್ದು ಹಗುರ. ಕಂಪ್ಯೂಟರಿನಲ್ಲಿ ಇರುವ ಲೈಬ್ರರಿಗಳನ್ನೇ ಬಳಸಿಕೊಳ್ಳುತ್ತದೆ, ಇಲ್ಲದಿದ್ದರೆ ನಿಂತುಬಿಡುತ್ತದೆ.

ಶನಿವಾರ ಅಕ್ಕ ಫೋನ್ ಮಾಡಿದಳು. "ಸುಟ್ಟಾ ತರಬ್ಯಾಡೋ ತಮ್ಮಾ."

ಸುಟ್ಟಾ ಅಂದರೆ ಮರಾಠಿಯಲ್ಲಿ ಬಿಡಿ. ನಮ್ಮ ಕಡೆ ಚಿಲ್ಲರೆಯನ್ನೂ ಹಾಗೇ ಕೇಳುತ್ತೇವೆ. ನನಗೆ ಸ್ಪಷ್ಟವಾಗಿ ತಿಳಿಯಿತು. ಆದರೆ ಬಂಡಲ್ ನೆಟ್‌ನಿಂದ ಇಳಿಯಲು ಬಹಳ ಹೊತ್ತು ಹಿಡಿಯುತ್ತಿತ್ತು. ಕೆಲಸ ಬಲ್ಲವರು ಅಷ್ಟು ಭಾರ ಹೊರುವುದಿಲ್ಲ ಎಂಬ ಜಂಬವೂ ಇತ್ತು. ಬಿಡಿಯನ್ನೇ ಇಳಿಸಿ ಅಂಗಡಿಯ ಕಂಪ್ಯೂಟರಿಗೆ ಹಾಕಿದೆ, ತಟ್ಟನೆ ತೆರೆದುಕೊಂಡಿತು. ಆ ಕಂಪ್ಯೂಟರಿನಲ್ಲಿ ಹಳೆಯ ಕೆಲಸಗಳಿಗೆ ಹಾಕಿದ ಲೈಬ್ರರಿಗಳೆಲ್ಲ ಇದ್ದವು ಎಂಬುದು ಆಗ ತಲೆಗೆ ಹೊಳೆಯಲಿಲ್ಲ.

ಸೋಮವಾರ ಪೆನ್‌ಡ್ರೈವಿನಲ್ಲಿ ಒಯ್ದು ಕಾಲೇಜಿನ ಲ್ಯಾಬಿನ ಕಂಪ್ಯೂಟರಿಗೆ ಹಾಕಿದೆ, ತೆರೆದು ನೋಡಲಿಲ್ಲ. ಸಮಿತಿಯವರು ಕುರ್ಚಿ ಎಳೆದು ಕೂತ ಮೇಲೆ ಅಕ್ಕ ತಂತ್ರಾಂಶ ತೆರೆದಳು. ಪರದೆಯ ಮೇಲೆ ಬಂದದ್ದು ಒಂದೇ ಸಾಲು: ಲೈಬ್ರರಿ ಸಿಗಲಿಲ್ಲ. ಲ್ಯಾಬಿಗೆ ನೆಟ್ ಇರಲಿಲ್ಲ. ನನ್ನ ಮೊಬೈಲ್ ಜೋಡಿಸಿದೆ. ಒಂದು ಲೈಬ್ರರಿ ಇಳಿಯಿತು. ಅದು ಇನ್ನೊಂದನ್ನು ಕೇಳಿತು. ಅದೂ ಬಂತು, ಆದರೆ ಈ ತಂತ್ರಾಂಶಕ್ಕೆ ಬೇಕಾದ ಆವೃತ್ತಿ ಅದಲ್ಲ.

"ಏನ್ರಿ ಮ್ಯಾಡಮ್, ನಿಮ್ಮ ಗಣಿತಕ್ಕ ನೆಗಡಿ ಬಂದೈತೇನು?" ಅಂದರು ಸಮಿತಿಯ ಹಿರಿಯರು. ಹಿಂದಿನ ಬೆಂಚಿನ ಹುಡುಗಿಯರು ಕಿಸಕ್ಕನೆ ನಕ್ಕರು.

ಅಕ್ಕ ನನ್ನತ್ತ ಬಾಗಿದಳು. "ಸುಟ್ಟಾ ಬ್ಯಾಡ ಅಂದಿದ್ದೆಲ್ಲೋ?"

ಡಿವಿಡಿಗೆ ಕಾಪಿ ಹಾಕುವುದಕ್ಕೆ ಅಂಗಡಿಯಲ್ಲಿ 'ಸುಡೂದು' ಅನ್ನುತ್ತೇವೆ. ಆ ಮಾತು ನನ್ನ ಬಾಯಿಗೆ ಬಂದುಬಿಟ್ಟಿತು. "ಸುಟ್ಟ ಡಿವಿಡಿ ಬ್ಯಾಡ ಅಂದಿ ಅಂತ ತಿಳದೆ, ಅಕ್ಕಾ. ಅದಕ್ಕ ಪೆನ್‌ಡ್ರೈವ್ ತಂದೆ."

ಅವಳು ಸಮಿತಿಯ ಕಡೆ ತಿರುಗಿದಳು. "ತಪ್ಪು ನಂದರಿ ಸರ್. ನಾನಽ ಸರಿಯಾಗಿ ಹೇಳಿಲ್ರಿ."

ಅವರು ಎದ್ದು ಹೋದರು. ಅಕ್ಕ ಕಾಯಂ ಆಗಲಿಲ್ಲ. ಇವತ್ತಿಗೂ ಆಗಿಲ್ಲ.

ಬಂಡಲ್ ಒಳ್ಳೆಯದು, ಬಿಡಿ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ನೆಟ್ ಇರುವಲ್ಲಿ, ಆಗಾಗ ಹೊಸದು ಮಾಡಿಕೊಳ್ಳುವವರಿಗೆ ಬಿಡಿಯೇ ಲೇಸು. ಒಯ್ಯುವ ಜಾಗದಲ್ಲಿ ಏನಿದೆ, ಏನಿಲ್ಲ ಎಂದು ನೋಡದೆ ನನ್ನಲ್ಲಿ ನಡೆದದ್ದು ಅಲ್ಲಿಯೂ ನಡೆಯುತ್ತದೆ ಅಂದುಕೊಂಡದ್ದು ತಪ್ಪು. ಈಗ ಯಾವುದನ್ನೇ ಆಗಲಿ, ನೆಟ್ ತಂತಿ ಕಿತ್ತ ಖಾಲಿ ಕಂಪ್ಯೂಟರಿನಲ್ಲಿ ನಡೆಸಿ ನೋಡದೆ ಗಿರಾಕಿಯ ಕೈಗೆ ಕೊಡುವುದಿಲ್ಲ. ಕೆಲಸ ಕಲಿಸಿದ್ದು ಇಷ್ಟು.

ಅಕ್ಕ ಮಾತ್ರ ಅಂದಿನಿಂದ ನನಗೆ ಎಲ್ಲವನ್ನೂ ಎರಡೆರಡು ಸಲ ಹೇಳುತ್ತಾಳೆ. ಮೊನ್ನೆಯೂ ಫೋನಿನಲ್ಲಿ ಅಂದಳು: "ಎಣ್ಣಿ ಸುಟ್ಟಾ ತರಬ್ಯಾಡ. ಸುಟ್ಟಾ ಅಂದ್ರ ಬಿಡಿ ಎಣ್ಣಿ, ಹಾಂ? ಪಾಕೀಟದ್ದು ತಾ. ತಿಳೀತಿಲ್ಲೋ ತಮ್ಮಾ?"

ತಿಳಿಯಿತು ಅಕ್ಕಾ. ಅವತ್ತೂ ತಿಳಿದಿತ್ತು.