ಖಾಲಿ ಸಾಲುಗಳು

ತಂಡದ ಹುಡುಗರು ಅವಳಿಗೆ ಇಟ್ಟಿದ್ದ ಹೆಸರು ಪೊರಕೆ. ಆ ಕಾಲೇಜಿನಲ್ಲಿ ಕೊನೆಯ ವರ್ಷ ಪ್ರತಿ ತಂಡಕ್ಕೂ ಒಂದು ಕಂಪನಿ ತನ್ನ ಮಾಹಿತಿಯ ರಾಶಿಯನ್ನು ಕೊಟ್ಟು, ಇದನ್ನು ಅಗೆದು ಉಪಯೋಗಕ್ಕೆ ಬರುವುದೇನಾದರೂ ಇದ್ದರೆ ತೆಗೆದುಕೊಡಿ ಎನ್ನುತ್ತಿತ್ತು. ಅಗೆಯುವ ಮುಂಚೆ ಗುಡಿಸಬೇಕು. ಎರಡೆರಡು ಸಲ ಬಂದದ್ದು, ಅರ್ಧಂಬರ್ಧ ತುಂಬಿದ್ದು, ತಾರೀಖಿನ ಜಾಗದಲ್ಲಿ ಫೋನ್ ನಂಬರ್ ಹೊಡೆದದ್ದು, ಎಲ್ಲ ಕಸ. ಹೆಸರು ಬರುವ ಗಣಿತದ ಕೆಲಸವನ್ನು ಹುಡುಗರು ಹಂಚಿಕೊಂಡರು. ಕಸ ಇವಳ ಪಾಲಿಗೆ ಬಂತು. ಗುಡಿಸುವುದರಲ್ಲಿ ನಿನ್ನದು ಎತ್ತಿದ ಕೈ ಎಂದು ಅಟ್ಟಕ್ಕೇರಿಸಿದರು, ಇವಳೂ ಏರಿ ಕುಳಿತಳು.

ಅವರಿಗೆ ಸಿಕ್ಕಿದ್ದು ಒಂದು ಪಾರ್ಸೆಲ್ ಕಂಪನಿ. ಅವಳ ಅಕ್ಕ ದುಡಿಯುತ್ತಿದ್ದದ್ದೂ ಅದರದ್ದೇ ಒಂದು ಕೇಂದ್ರದಲ್ಲಿ. ಲಾರಿಯಿಂದ ಪೆಟ್ಟಿಗೆ ಇಳಿಸಿ, ಬೀದಿವಾರು ಬೇರೆ ಮಾಡಿ, ಸಣ್ಣ ಗಾಡಿಗಳಿಗೆ ಏರಿಸುವುದು ಅವಳ ಕೆಲಸ. ಅಪ್ಪ ಅಮ್ಮ ಇಲ್ಲದ ಮನೆ. ತಂಗಿಯ ಓದು ನಡೆಯುತ್ತಿದ್ದದ್ದು ಅಕ್ಕನ ರಟ್ಟೆಯ ಬಲದಿಂದ.

ಕಂಪನಿ ಕೇಳಿದ ಪ್ರಶ್ನೆ ಒಂದೇ: ಯಾವ ಕೇಂದ್ರದಲ್ಲಿ ಕೆಲಸ ಕಡಿಮೆ, ಯಾವುದನ್ನು ಮುಚ್ಚಬಹುದು? ವಿಷಯ ಹೊರಗೆ ಬಾಯಿಬಿಡಬಾರದೆಂದು ಎಲ್ಲರಿಂದಲೂ ಸಹಿ ಹಾಕಿಸಿಕೊಂಡಿದ್ದರು. ಕೇಂದ್ರಗಳ ಹೆಸರು ಮುಚ್ಚಿ ಬರೀ ನಂಬರ್ ಕೊಟ್ಟಿದ್ದರು. ತಂಗಿಗೆ ಮೊದಲು ಹೆದರಿಕೆಯಾಯಿತು, ಆಮೇಲೆ ತಾನೇ ಸಮಾಧಾನ ಮಾಡಿಕೊಂಡಳು. ಅಕ್ಕ ದಿನಾ ಸೊಂಟ ಹಿಡಿದುಕೊಂಡು ಬರುತ್ತಾಳೆ, ಅವಳ ಕೇಂದ್ರದಲ್ಲಿ ಕೆಲಸವಿಲ್ಲ ಎಂದು ಯಾವ ಲೆಕ್ಕ ತಾನೇ ಹೇಳೀತು? ಹೇಳಿತು. ನಾಲ್ಕನೇ ನಂಬರಿನ ಕೇಂದ್ರಕ್ಕೆ ಪಾರ್ಸೆಲ್ಲೇ ಬರುತ್ತಿಲ್ಲ, ಅದನ್ನು ಮುಚ್ಚಬಹುದು ಎಂದು ತಂಡದ ಮಧ್ಯಂತರ ವರದಿ ಹೋಯಿತು. ಮೇಷ್ಟ್ರು ಬೆನ್ನು ತಟ್ಟಿದರು. ನಾಲ್ಕು ಯಾವುದೆಂದು ಅವಳಿಗೆ ಗೊತ್ತಿರಲಿಲ್ಲ.

ವಾರಗಳು ಕಳೆದ ಮೇಲೆ ಒಂದು ಸಂಜೆ ಅಕ್ಕ ಪಾತ್ರೆ ತೊಳೆಯುತ್ತ ಎಂದಿನಂತೆ ಗೊಣಗಿದಳು. ತಮ್ಮದೊಂದೇ ಕೇಂದ್ರ ನೆಲಮಾಳಿಗೆಯಲ್ಲಿದೆ, ಅಲ್ಲಿ ನೆಟ್‌ವರ್ಕ್ ಸಿಗದು, ಸ್ಕ್ಯಾನರ್ ಒತ್ತಿದರೆ ಪಾರ್ಸೆಲ್ ನಂಬರ್ ಅದರಲ್ಲೇ ಉಳಿದು ಆಮೇಲೆ ಹೋಗುತ್ತದೆ, ಟೈಮ್ ಮಾತ್ರ ಬೀಳುವುದೇ ಇಲ್ಲ. ಪಾರ್ಸೆಲ್ಲಿಗೊಂದರಂತೆ ಇದ್ದ ಸಾಲುಗಳಲ್ಲಿ ಟೈಮ್ ಖಾಲಿ ಇದ್ದದ್ದನ್ನೆಲ್ಲ ಕಸವೆಂದು ಅಳಿಸಿ ಹಾಕಿದವಳು ತಂಗಿಯೇ. ತೆಗೆದು ನೋಡಿದರೆ ಅಳಿಸಿದ್ದರಲ್ಲಿ ಹೆಚ್ಚುಕಡಿಮೆ ಎಲ್ಲವೂ ನಾಲ್ಕನೇ ಕೇಂದ್ರದವು.

ಅಳಿಸುವುದು ಪಾಠದಲ್ಲಿ ಇರುವಂಥದ್ದೇ, ನಿನ್ನದೇನೂ ತಪ್ಪಿಲ್ಲ ಎಂದರು ಮೇಷ್ಟ್ರು. ತಪ್ಪಿಲ್ಲವಂತೆ! ಇಂಥ ಸಮಾಧಾನ ಹೇಳುವವರ ಮನೆಯವರು ಯಾರೂ ನೆಲಮಾಳಿಗೆಯಲ್ಲಿ ಪೆಟ್ಟಿಗೆ ಹೊರುವುದಿಲ್ಲ. ಹುಡುಗರು ಮುಖ ಸಿಂಡರಿಸಿದರೂ ಅವಳು ಹಟ ಹಿಡಿದು ಸಾಲುಗಳನ್ನು ವಾಪಸ್ ಸೇರಿಸಿ ಎಲ್ಲವನ್ನೂ ಮತ್ತೆ ಲೆಕ್ಕ ಹಾಕಿಸಿದಳು. ನಾಲ್ಕನೇ ಕೇಂದ್ರದಷ್ಟು ಕೆಲಸ ಬೇರೆಲ್ಲೂ ಇರಲಿಲ್ಲ. ಕೊನೆಯ ಪ್ರದರ್ಶನದ ದಿನ ಕಂಪನಿಯ ಮ್ಯಾನೇಜರ್ ಎದುರು ತನ್ನ ತಪ್ಪನ್ನು ತಾನೇ ಒಪ್ಪಿಕೊಂಡು, ಹೊಸ ಲೆಕ್ಕ ತೋರಿಸಿದಳು.

ಮ್ಯಾನೇಜರ್ ಕೆಟ್ಟವರಲ್ಲ. ಚಪ್ಪಾಳೆ ಮುಗಿದ ಮೇಲೆ ಅವಳನ್ನು ವರಾಂಡಕ್ಕೆ ಕರೆದರು.

‘ಮೊದಲನೇ ವರದಿ ನೋಡಿನೇ ಆ ಜಾಗದ ಬಾಡಿಗೆ ಕರಾರು ಬಿಟ್ಟುಕೊಟ್ವಮ್ಮ. ಬೇರೆಯವರು ಮುಂಗಡ ಕೊಟ್ಟಾಯ್ತು. ಇನ್ನು ಏನೂ ಮಾಡೋಕಾಗಲ್ಲ,’ ಎಂದರು. ಅಲ್ಲಿಯವರಿಗೆ ಬೇರೆ ಕೇಂದ್ರದಲ್ಲಿ ಜಾಗವಿದೆಯೇ ಎಂದು ಅವಳು ಕೇಳಿದ್ದಕ್ಕೆ ಇಲ್ಲವೆಂದು ತಲೆ ಅಲ್ಲಾಡಿಸಿದರು. ಆಮೇಲೆ, ಇಷ್ಟು ಪ್ರಾಮಾಣಿಕರು ಸಿಗುವುದು ಅಪರೂಪ, ಓದು ಮುಗಿದ ಕೂಡಲೇ ನಮ್ಮ ಮುಖ್ಯ ಕಚೇರಿಗೇ ಬಾ ಎಂದು ಕಾರ್ಡು ಕೊಟ್ಟರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಅವಳಿಗೆ ಜಾಗ ಸಿಗಲಿಲ್ಲ.

ಮನೆಗೆ ಬಂದು ಒಂದೂ ಬಿಡದೆ ಹೇಳಿದಳು. ಅಕ್ಕ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು.

‘ಖಾಲಿ ಅಂದ್ಕೊಂಡ್ಯಾ ಅದನ್ನೆಲ್ಲ? ಒಂದೊಂದನ್ನೂ ನಾವು ಎತ್ತಿ ಇಳಿಸಿದ್ವಿ ಕಣೆ.’

ತಂಗಿ ಅಳುತ್ತ, ಆ ಕಂಪನಿಯ ಹೊಸಿಲು ತುಳಿಯುವುದಿಲ್ಲ, ನಾಳೆಯೇ ಬೇಡವೆಂದು ತಿಳಿಸುತ್ತೇನೆ ಎಂದಳು.

‘ಬೇಡ ಅಂದ್ರೆ ತಿನ್ನೋದೇನು? ನನ್ನ ವಯಸ್ಸಿನೋರನ್ನ ಇನ್ಯಾರು ಸೇರಿಸ್ಕೋತಾರೆ? ಸುಮ್ನೆ ಹೋಗಿ ಸೇರ್ಕೊ,’ ಎಂದಳು ಅಕ್ಕ.

ಅವಳು ಸೇರಿದಳು. ಮುಖ್ಯ ಕಚೇರಿಯಲ್ಲಿ ಈಗ ಉಳಿದ ಕೇಂದ್ರಗಳ ಮಾಹಿತಿಯನ್ನು ಅವಳ ಕೈಗೇ ಕೊಟ್ಟಿದ್ದಾರೆ, ಮುಂದೆ ಯಾವುದನ್ನು ಮುಚ್ಚಬಹುದು ಎಂದು ಹೇಳಲು.